ಮಧ್ಯಾಹ್ನ ಎರಡೂವರೆಯ ಮಾವ

ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಗಳು ಒಟ್ಟು ಹನ್ನೊಂದು ಎಂದು ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಅಚ್ಚಾಗಿತ್ತು. ಹನ್ನೆರಡನೆಯದೊಂದಿದೆ, ಅದನ್ನು ಯಾವ ಡಾಕ್ಟರೂ ಹೇಳುವುದಿಲ್ಲ. ನೀವು ಕನ್ನಡಕ ತೆಗೆದಿಟ್ಟ ಹೊತ್ತಿನಲ್ಲಿ ನಿಮ್ಮ ಮನೆಯೊಳಗೆ ಏನು ನಡೆಯುತ್ತದೆ ಎಂದು ನೋಡುವ ಧೈರ್ಯ ನಿಮಗಿದೆಯೇ ಎಂದು ಮೊದಲು ಕೇಳಿಕೊಳ್ಳಿ. ನನಗಿರಲಿಲ್ಲ.

ನಾನು ಗಡಿಯಾರ ರಿಪೇರಿಯವನು. ಅಂಗಡಿ ನನ್ನ ಹೆಂಡತಿಯ ತಂದೆಯದು. ಮಾವ ತೀರಿಕೊಂಡು ಒಂಬತ್ತು ವರ್ಷವಾಯಿತು. ಬೀದಿಯ ಕಡೆ ಕೌಂಟರು, ಅದರ ಹಿಂದೆ ಕೆಲಸದ ಕೋಣೆ, ಅದರ ಹಿಂದೆ ಮನೆ. ಕೋಣೆಯ ಒಂದು ತುದಿಯಲ್ಲಿ ಕಿಟಕಿಗೆ ಮುಖಮಾಡಿದ ಮೇಜು, ಇನ್ನೊಂದು ತುದಿಯಲ್ಲಿ ಮಂಚ, ಗೋಡೆಯ ತುಂಬ ಮೂವತ್ತೆಂಟು ಗಡಿಯಾರ. ಮಾವ ಕಲಿಸಿದ ಮೊದಲ ಪಾಠ ಹೀಗಿತ್ತು: ಅಂದು ಜೋಡಿಸಿದ ಗಡಿಯಾರ ಓಡಲಿ ಬಿಡಲಿ, ಮಧ್ಯಾಹ್ನ ಎರಡೂವರೆಗೆ ಅದನ್ನು ಗಾಜಿನ ಮುಚ್ಚಳದಡಿ ಇಟ್ಟು, ಕನ್ನಡಕ ತೆಗೆದು, ಒಂದು ಗಂಟೆ ಮಲಗಬೇಕು. ಎಣ್ಣೆ ಇಳಿಯಬೇಕು, ಚಕ್ರಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು, ಗಡಿಯಾರಕ್ಕೂ ವಿಶ್ರಾಂತಿ ಬೇಕು ಎನ್ನುತ್ತಿದ್ದರು. ಸುಳ್ಳಲ್ಲ. ಎರಡೂವರೆಗೆ ಮೊಂಡು ಹಿಡಿದು ಕೂತ ಗಡಿಯಾರ ಮೂರೂವರೆಗೆ ನಾನೆದ್ದು ನೋಡಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಈ ಮಹಾ ವಿಶ್ರಾಂತಿ ಚಿಕಿತ್ಸೆಯಿಂದಲೇ ನನ್ನ ಕೀರ್ತಿ ನಾಲ್ಕು ಬೀದಿಗೆ ಹಬ್ಬಿತ್ತು.

ನನ್ನ ಕಣ್ಣಿನ ನಂಬರು ಮೈನಸ್ ಏಳು. ಮೂಗಿನ ಹತ್ತಿರ ತಂದ ವಸ್ತು ಇರುವೆಯ ಮೀಸೆಯಾದರೂ ಕಾಣುತ್ತಿತ್ತು. ಗೇಣು ದೂರ ಹೋದರೆ ಎಲ್ಲ ಮಂಜು. ಬೇರೆ ರಿಪೇರಿಯವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಳ್ಳುತ್ತಾರೆ. ನಾನು ಕನ್ನಡಕ ತೆಗೆದರೆ ಸಾಕಾಗಿತ್ತು. ತೆಗೆದದ್ದು ಎಲ್ಲಿ ಹೋಯಿತು ಎಂಬುದೇ ನನ್ನ ಸಂಸಾರದ ಇಪ್ಪತ್ತು ವರ್ಷದ ಜಗಳ. ಮೂರನೆಯ ಕನ್ನಡಕದ ಮೇಲೆ ಕೂತ ದಿನ ನಾನು ಲೇಸರಿನ ಭೀಷಣ ನಿರ್ಧಾರ ಮಾಡಿದೆ.

ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಹೆಂಡತಿ ಆ ಕಾಗದ ಓದಿದಳು. "ಒಂಬತ್ತನೇದು ಕೇಳಿ. ನಲವತ್ತೈದು ದಾಟಿದವರಿಗೆ ದೂರದ್ದು ಸರಿಹೋದ್ರೂ ಹತ್ತಿರದ್ದಕ್ಕೆ ಕನ್ನಡಕ ಬೇಕಾಗುತ್ತೆ. ಕಣ್ಣ ಹತ್ರ ಇಟ್ಕೊಂಡು ಕೆಲಸ ಮಾಡೋರು ಡಾಕ್ಟರಿಗೆ ಮೊದಲೇ ಹೇಳ್ಬೇಕಂತೆ."

"ಅದು ಸಾಮಾನ್ಯರಿಗೆ," ಎಂದೆ.

"ನಿಮಗೀಗ ವಯಸ್ಸೆಷ್ಟು?"

"ನಲವತ್ತೇಳು. ಕಣ್ಣಿಗೆ ಅಷ್ಟಾಗಿಲ್ಲ."

ಅವಳು ಒಂಬತ್ತನೆಯದರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೀಟೆಳೆದು ಕಾಗದವನ್ನು ನನ್ನ ಜೇಬಿಗೆ ತುರುಕಿದಳು. ಅವಳ ತಾಯಿ, ನಮ್ಮತ್ತೆ, ಅಡುಗೆಮನೆಯ ಬಾಗಿಲಲ್ಲಿ ತಮ್ಮ ಕುರ್ಚಿಯಲ್ಲಿದ್ದರು. (ಮೊಣಕಾಲು ನೋವು. ಆ ಕುರ್ಚಿಯಿಂದ ಅವರು ಎದ್ದದ್ದನ್ನು ನಾನು ಕಂಡೇ ಇರಲಿಲ್ಲ.) "ಬೇಡಪ್ಪ, ನಿಮ್ಮ ಕಣ್ಣು ಹೀಗಿರೋದೇ ಮನೆಗೆ ಒಳ್ಳೇದು," ಎಂದರು. ಅಳಿಯನ ಮೇಲಿನ ಪ್ರೀತಿ ಎಂದುಕೊಂಡು ಹೊರಟೆ.

ಡಾಕ್ಟರು ಕಣ್ಣಿನ ಪಾರದರ್ಶಕ ಪೊರೆಯ ದಪ್ಪ ಅಳೆದರು, ಕಣ್ಣು ಒಣಗುತ್ತದೆಯೇ ಎಂದು ನೋಡಿದರು, ಏನು ಕೆಲಸ ಎಂದು ಕೇಳಿದರು. "ಅಂಗಡಿ ಇಟ್ಕೊಂಡಿದೀನಿ," ಎಂದೆ. ಸುಳ್ಳಂತೂ ಅಲ್ಲ.

ಆಪರೇಷನ್ ದಿನ ರೆಪ್ಪೆ ಮುಚ್ಚದಂತೆ ಏನೋ ಸಿಕ್ಕಿಸಿದರು. "ಈಗ ಸ್ವಲ್ಪ ಹೊತ್ತು ಏನೂ ಕಾಣಲ್ಲ, ಗಾಬರಿಯಾಗ್ಬೇಡಿ," ಎಂದಿತು ಡಾಕ್ಟರ ದನಿ. ಕಣ್ಣು ಅಗಲವಾಗಿ ತೆರೆದೇ ಇತ್ತು, ಆದರೆ ಲೋಕ ಆರಿಹೋಯಿತು. ಕತ್ತಲೆಯೂ ಅಲ್ಲ, ಕತ್ತಲೆ ಕಾಣಲಿಕ್ಕಾದರೂ ಕಣ್ಣು ಬೇಕಲ್ಲ. ಆಮೇಲೆ ಒಂದು ಬೆಳಕಿನ ಚುಕ್ಕೆ, ಟಕಟಕ ಸದ್ದು, ಕೂದಲು ಸೀದ ವಾಸನೆ.

"ಏನೋ ಸುಡ್ತಿದೆ," ಎಂದೆ.

"ನಿಮ್ಮ ಕಣ್ಣಿಂದಾನೇ ಬರ್ತಿರೋದು. ಅಲ್ಲಾಡ್ಬೇಡಿ."

ಮನೆಗೆ ಬಂದಾಗ ಹೆಂಡತಿ ಕೆಲಸದ ಕೋಣೆಯ ಮಂಚದಲ್ಲಿ ಮಲಗಿಸಿದಳು. ಕಣ್ಣಿಗೆ ತೂತು ತೂತಿನ ಪ್ಲಾಸ್ಟಿಕ್ ಮುಚ್ಚಳ. "ಏನಾದ್ರೂ ಕಾಣುತ್ತಾ?" ಎಂದಳು. "ಎಲ್ಲಾ ಮಂಜು," ಎಂದೆ. ಮಾರನೆಯ ದಿನ ಚೆನ್ನಾಗಿ ಕಾಣತೊಡಗಿತು, ಆದರೂ ಮಂಜು ಎಂದೇ ಹೇಳಿದೆ. ಹಾಗೆಂದರೆ ಕಾಫಿ ಮಂಚಕ್ಕೇ ಬರುತ್ತಿತ್ತು.

ಆ ದಿನ ಮೂವತ್ತೆಂಟು ಗಡಿಯಾರಗಳು ಎರಡೂವರೆ ಹೊಡೆದವು. ಮುಚ್ಚಳದ ತೂತಿನಿಂದ ನೋಡಿದೆ. ಮೇಜಿನ ಮುಂದೆ, ನನ್ನ ಕುರ್ಚಿಯಲ್ಲಿ, ಯಾರೋ ನನಗೆ ಬೆನ್ನು ಹಾಕಿ ಕೂತಿದ್ದರು.

ಕಂದು ಕೋಟು, ಉಣ್ಣೆಯ ಟೋಪಿ. ಎರಡೂ ಮಾವನವು. ಒಂಬತ್ತು ವರ್ಷದಿಂದ ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿದ್ದವು. ಗೂಟದ ಕಡೆ ನೋಡಿದೆ, ಖಾಲಿ. ಆ ತಲೆ ಎಡಕ್ಕೆ ಸ್ವಲ್ಪ ವಾಲಿತ್ತು, ಮಾವನ ತಲೆ ವಾಲುತ್ತಿದ್ದ ಹಾಗೇ. ಚಿಮುಟ ಒಮ್ಮೆ ಮಿನುಗಿತು. ಆಮೇಲೆ, ಬೆಳಗಿನಿಂದ ಸತ್ತುಬಿದ್ದಿದ್ದ ಗಡಿಯಾರವೊಂದು ಮೆಲ್ಲಗೆ ಮಿಡಿಯತೊಡಗಿದ್ದು ಕೇಳಿಸಿತು. ನಾನು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಬೆವರಿದೆ.

ಮೂರೂವರೆಗೆ ಇಣುಕಿದರೆ ಕುರ್ಚಿ ಖಾಲಿ, ಕೋಟು ಗೂಟದಲ್ಲಿ. ಎದ್ದು ಹೋಗಿ ಕುರ್ಚಿಯ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು.

ಮರುದಿನವೂ ಅದೇ ಹೊತ್ತು, ಅದೇ ಬೆನ್ನು. ಹನ್ನೊಂದು ಸಂಗತಿಗಳ ಕಾಗದ ತೆಗೆದೆ. ಅಕ್ಷರಗಳು ತೇಲುತ್ತಿದ್ದವು, ಔಷಧಿಯ ಪ್ರಭಾವ ಎಂದುಕೊಂಡು ತೋಳುದ್ದ ಹಿಡಿದು ಓದಿದೆ. ದೀಪದ ಸುತ್ತ ಬಳೆ ಕಾಣಬಹುದು, ಬಿಂಬದ ಪಕ್ಕ ನೆರಳು ಕಾಣಬಹುದು ಎಂದಿತ್ತು. ಮಾವ ಕಾಣಬಹುದು ಎಂದು ಎಲ್ಲೂ ಇರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದೆ.

"ಸಿಸ್ಟರ್, ಆಪರೇಷನ್ ಆದ್ಮೇಲೆ ಸತ್ತವರು ಕಾಣಿಸ್ಕೋತಾರಾ?"

"ಒಬ್ಬರೇ ಕಾಣ್ತಾರಾ, ಎರಡೆರಡಾಗಿ ಕಾಣ್ತಾರಾ?"

"ಒಬ್ಬರೇ."

"ಹಾಗಾದ್ರೆ ಕಣ್ಣು ಸರಿಯಿದೆ. ಡ್ರಾಪ್ಸ್ ಹಾಕ್ತಾ ಇರಿ."

ನಾಲ್ಕನೆಯ ದಿನ ಕಣ್ಣಿನ ಮುಚ್ಚಳ ತೆಗೆದು ಕೆಲಸಕ್ಕೆ ಕೂತೆ. ಕಿಟಕಿಯಿಂದ ಬೀದಿಯ ಆ ತುದಿಯ ಬಸ್ಸಿನ ನಂಬರು ಓದಿದೆ. ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಆಮೇಲೆ ಒಂದು ಪುಟ್ಟ ಲೇಡೀಸ್ ವಾಚು ಎತ್ತಿ, ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದೆ. ವಾಚು ಇರಲಿಲ್ಲ. ಬೆರಳುಗಳ ನಡುವೆ ಏನೋ ಮಸುಕು ಇತ್ತು, ಬೆರಳುಗಳೂ ಮಸುಕೇ. ದೂರ ಹಿಡಿದೆ, ಇನ್ನೂ ದೂರ ಹಿಡಿದೆ, ಕೊನೆಗೆ ತೋಳು ಸಾಲಲಿಲ್ಲ. ಡಯಲು ಕಂಡಿತು, ಸ್ಕ್ರೂ ಕಾಣಲಿಲ್ಲ.

ಈ ಮನೆಯಲ್ಲಿ ನನಗೆ ಆ ಕುರ್ಚಿ ಬಿಟ್ಟರೆ ಬೇರೆ ಜಾಗವಿಲ್ಲ. ಆ ಕುರ್ಚಿಯನ್ನು ನನಗೆ ಕೊಟ್ಟಿದ್ದ ಕಣ್ಣನ್ನು ನಾನೇ ಕೇಳಿಕೊಂಡು ಸುಡಿಸಿಕೊಂಡು ಬಂದಿದ್ದೆ. ಅಳು ಬಂತು.

"ಆ ವಾಚು ನಾಲ್ಕು ಗಂಟೆಗೆ ಕೊಡ್ಬೇಕು, ಆಯ್ತಾ?" ಕೌಂಟರಿನಿಂದ ಹೆಂಡತಿ ಕೂಗಿದಳು.

"ಆಗ್ತಿದೆ," ಎಂದು ಗಾಜಿನ ಮುಚ್ಚಳದಡಿ ಇಟ್ಟೆ. ಎರಡೂವರೆಗೆ ಹತ್ತು ನಿಮಿಷವಿತ್ತು. ಎರಡು ದಿನ ಯಾವ ದೆವ್ವಕ್ಕೆ ಹೆದರಿ ಬೆವರಿದ್ದೆನೋ ಈಗ ಅದು ಬಂದರೆ ಸಾಕಪ್ಪ ಎಂದು ಕಾಯುತ್ತ ಮಲಗಿದೆ.

ಅದು ಬಂತು. ಬರಿಗಾಲು, ಸದ್ದಿಲ್ಲ. ಗೂಟದಿಂದ ಕೋಟು ಇಳಿಯಿತು, ಟೋಪಿ ತಲೆಗೇರಿತು, ಬೆನ್ನು ನನ್ನ ಕುರ್ಚಿಯಲ್ಲಿ ಕೂತಿತು. ನಾನು ಎದ್ದು ಹಿಂದೆ ಹೋಗಿ ನಿಂತೆ. "ಮಾವ," ಎಂದೆ, "ಅದನ್ನ ನಾಲ್ಕು ಗಂಟೆಗೆ ಕೊಡ್ಬೇಕಂತೆ."

ಚಿಮುಟ ನಿಂತಿತು. ತಲೆ ನಿಧಾನವಾಗಿ ತಿರುಗಿತು. ಒಂದು ಕಣ್ಣಿನ ಜಾಗದಲ್ಲಿ ಕರಿಯ ಕೊಳವೆ, ಇನ್ನೊಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಅತ್ತೆ.

"ಕಾಣ್ತಿದೆಯೇನಪ್ಪ ನಿಮಗೆ?"

"ದೂರದ್ದು ಕಾಣುತ್ತೆ," ಎಂದೆ. "ನಿಮ್ಮ ಮೊಣಕಾಲು?"

"ನೋವಿದೆ. ನಡೆಯೋಕಾಗಲ್ಲ ಅಂತ ನಾನು ಯಾವತ್ತು ಹೇಳ್ದೆ?"

"ಎಷ್ಟು ದಿನದಿಂದ ಇದು?"

"ನೀವು ಬಂದಾಗಿಂದ. ಕೈ ಒರಟು ನಿಮ್ಮದು. ದಿನಾ ಒಂದು ಸ್ಕ್ರೂ ಬಿಟ್ಟಿರ್ತೀರಿ."

"ಮಾವನಿಗೆ ಇದು ಗೊತ್ತಿದ್ದಿದ್ರೆ ಎದೆ ಒಡ್ಕೊಂಡಿರೋರು."

ಅತ್ತೆ ಮಸೂರ ತೆಗೆದು ಕೋಟಿನಂಚಿನಲ್ಲಿ ಒರೆಸಿದರು. "ಮಲಗೋ ಪದ್ಧತಿ ಮಾಡಿದ್ದೇ ಅವರು. ಮೂವತ್ತು ವರ್ಷ ಆ ಮಂಚದ ಮೇಲೆ ಅವರೂ ಮಲಗಿದ್ರು."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಮುಖದಲ್ಲಿ ಆಶ್ಚರ್ಯದ ಲವಲೇಶವಿಲ್ಲ. "ಒಂಬತ್ತನೇದಕ್ಕೆ ಗೀಟು ಎಳೆದಿದ್ದೆ," ಎಂದಳು. "ಅಮ್ಮನ ಕಣ್ಣಿಗೆ ಪೊರೆ ಬರ್ತಿದೆ. ಕೈ ತಿದ್ದಿದ್ರಾಯ್ತು, ಹತ್ತಿರದ್ದು ಕಾಣೋ ನಿಮ್ಮ ಕಣ್ಣಾದ್ರೂ ಇದೆ ಅಂತ ನಂಬ್ಕೊಂಡಿದ್ವಿ."

ಅತ್ತೆ ನನ್ನ ಗಲ್ಲ ಹಿಡಿದು ಮುಖ ಬಗ್ಗಿಸಿ ಮಸೂರವನ್ನು ನನ್ನ ಕಣ್ಣಿಗೆ ಒತ್ತಿದರು. ಮಂಜಿನೊಳಗಿಂದ ಏನೋ ಹೊಳೆಯುವ ವಸ್ತು ಬೃಹದಾಕಾರವಾಗಿ ಎದ್ದು ಬಂತು.

"ಇದು ಸ್ಕ್ರೂ," ಎಂದರು. "ಇಲ್ಲಿಂದ ಶುರು ಮಾಡು." ಅಳಿಯನಿಗಿದ್ದ ಬಹುವಚನ ಅಲ್ಲಿಗೆ ಮುಗಿಯಿತು.

ಈಗ ಬೆಳಗ್ಗೆಯೆಲ್ಲ ತಟ್ಟೆಯಲ್ಲಿ ಸ್ಕ್ರೂಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತೇನೆ. ಅತ್ತೆ ಪಕ್ಕದಲ್ಲಿ ಕೂತು ಕೈ ಮೇಲೆ ಹೊಡೆಯುತ್ತಾರೆ. ಆದರೆ ಗಿರಾಕಿಗಳಿಗೆ ಹಳೆಯ ನಂಬಿಕೆ ಕೆಡಬಾರದಲ್ಲ, ಎರಡೂವರೆಗೆ ಅವರು, ಕಿಟಕಿಯಿಂದ ನೋಡಿದವರಿಗೆ ಗಂಡಸೇ ಕೂತಂತೆ ಕಾಣಲೆಂದು, ಕೋಟು ಹಾಕಿಕೊಂಡು "ಮಲ್ಕೋ" ಎನ್ನುತ್ತಾರೆ. ಹೋಗಿ ಮಲಗುತ್ತೇನೆ. ಮೊದಲು ಕನ್ನಡಕ ತೆಗೆದರೆ ಸಾಕಾಗಿತ್ತು. ಈಗ ಕಣ್ಣು ನಾನೇ ಮುಚ್ಚಿಕೊಳ್ಳಬೇಕು.