ಸಿಗಡಿಯ ಶ್ರಾವಣ

ಶ್ರಾವಣದಲ್ಲಿ ಮನುಷ್ಯ ಮೀನನ್ನು ಬಿಡಬಹುದು, ಆದರೆ ಮೀನು ಮನುಷ್ಯನನ್ನು ಬಿಡಬೇಕಲ್ಲ! ಇದು ಬಾಡ ಊರಿನ ಮಾಬ್ಲನ ವರ್ಷಂಪ್ರತಿ ದೂರು. ಅವನದು ಮೀನಿನ ಟೆಂಪೊ. ಬೆಳಿಗ್ಗೆ ಕುಮಟೆಯಲ್ಲಿ ಬುಟ್ಟಿ ತುಂಬಿಕೊಂಡು ಹೊನ್ನಾವರ, ಭಟ್ಕಳದ ಪೇಟೆಗೆ ಮುಟ್ಟಿಸಿ ಬರುವ ಕೆಲಸ. ಹಿಂದೆ ಬಂಗಡೆ, ತಾರ್ಲೆ ಥಳಥಳ ಹೊಳೆಯುತ್ತಿರಬೇಕು, ಮುಂದೆ ಕೂತವನು ಮಾತ್ರ ಮನೆಗೆ ಬಂದು ಸೌತೆಕಾಯಿ ಹುಳಿ ಉಣ್ಣಬೇಕು. ಇದು ಯಾವ ನ್ಯಾಯ?

ಹೋದ ವರ್ಷ ಅವನು ಎರಡನೆಯ ಸೋಮವಾರವೇ ಹೊನ್ನಾವರದ ಒಂದು ಖಾನಾವಳಿಯಲ್ಲಿ ಕುಳಿತು ವ್ರತಭಂಗ ಮಾಡಿಕೊಂಡು ಬಂದಿದ್ದ. ಹೆಂಡತಿ ಕಮಲಿ ಅವನ ಬಲಗೈ ಮೂಸಿ ನೋಡಿ ಕಳ್ಳನನ್ನು ಹಿಡಿದಿದ್ದಳು. ಹಾಗಾಗಿ ಈ ವರ್ಷ ತುಳಸಿಕಟ್ಟೆಯ ಮುಂದೆ ನಿಲ್ಲಿಸಿ ಆಣೆ ಹಾಕಿಸಿದಳು.

"ಚೌತಿ ಮುಗಿಯೂವರೆಗೆ ಮೀನು ಬಾಯಿಗಿಟ್ರೆ, ಚೌತಿ ಆದ್ಮೇಲೆ ಮಾಡೂ ಮೀನೂಟ ನಿಮಗಿಲ್ಲ. ಆತಾ?"

"ಆತು ಮಾರಾಯ್ತಿ, ಆತು."

ಆ ಮೀನೂಟವೆಂದರೆ ಸಾಮಾನ್ಯವಲ್ಲ. ತಿಂಗಳಿಡೀ ಬಾಯಿ ಕಟ್ಟಿದ ಮನೆಯಲ್ಲಿ ಕಮಲಿ ಅರೆದ ಮಸಾಲೆ, ಬಂಗಡೆ ಸಾರು, ರವೆಯಲ್ಲಿ ಹೊರಳಿಸಿ ಕರಿದ ತುಂಡು! ಮಾಬ್ಲ ಶ್ರಾವಣದ ಮೊದಲ ದಿನದಿಂದಲೇ ಅದನ್ನು ಕನಸಿನಲ್ಲಿ ಉಣ್ಣಲು ಶುರುಮಾಡುತ್ತಿದ್ದ.

ಸಾಲದ್ದಕ್ಕೆ ಮನೆಯಲ್ಲಿ ಸಿಗಡಿ. ಅಂದರೆ ನಾಯಿ. ಕಮಲಿಯ ತಮ್ಮ ರಾಜೀವ ಮಳೆಗಾಲಕ್ಕೆ ಮುಂಚೆ ಗೋವಾದಿಂದ ತಂದುಕೊಟ್ಟ ಜ್ಯಾಕ್ ರಸೆಲ್ ಟೆರಿಯರ್, ನೆಲ ಬಗೆದು ಬೇಟೆ ಹಿಡಿಯುವ ಪುಟ್ಟ ವಿಲಾಯಿತಿ ತಳಿ. ಬಿಳಿ ಮೈ, ಕಂದು ಕಿವಿ, ಬೆರಳುದ್ದದ ಬಾಲ. "ಇಲಿ ಹಿಡಿಯೂದ್ರಲ್ಲಿ ಎತ್ತಿದ ಕೈ ಭಾವ" ಎಂದು ಹೊಗಳಿ, ಭಾವ ಬಾಯಿ ತೆರೆಯುವುದರೊಳಗೆ ಬಸ್ಸು ಹತ್ತಿದ್ದ. "ಇದೆಂತ, ನಾಯಿಯಾ ಸಿಗಡಿಯಾ?" ಎಂದು ಕಮಲಿ ಮೂಗು ಮುರಿದದ್ದೇ ಅದಕ್ಕೆ ನಾಮಕರಣವಾಯಿತು. ಮೂಗು ಮುರಿದವಳೇ ವಾರದೊಳಗೆ ಅದರ ತಾಯಿಯೂ ಆದಳು. ಈಗ ಬೆಳಗಿನಿಂದ ಸಂಜೆಯ ತನಕ "ಸಿಗಡೀ, ಬಾ! ಸಿಗಡೀ, ತಿನ್ನು!" ಎಂದು ಕೂಗುತ್ತಾಳೆ. (ಶ್ರಾವಣದಲ್ಲಿ ಇದನ್ನು ಕೇಳಿಸಿಕೊಳ್ಳುವ ಗಂಡನ ಹೊಟ್ಟೆಯ ಗತಿ ಏನಾಗಬೇಡ!)

ಸಿಗಡಿಗೆ ಎರಡು ವಿದ್ಯೆ ಬರುತ್ತಿತ್ತು. ಒಂದು, ನೆಲ ಬಗೆಯುವುದು. ತೆಂಗಿನ ಬುಡ, ಪಕ್ಕದ ಮನೆ ಮಹಾಲಕ್ಷ್ಮಿಯ ಕನಕಾಂಬರದ ಪಾತಿ, ಯಾವುದರಲ್ಲೂ ಭೇದವಿರಲಿಲ್ಲ. ಇನ್ನೊಂದು, ಕಚ್ಚಿ ಹಿಡಿದದ್ದನ್ನು ಬಿಡದಿರುವುದು. ಮಾಬ್ಲ ಅದಕ್ಕೆ ತರಬೇತಿ ಕೊಡಲು ಹೊರಟು, ಚಪ್ಪಲಿಯ ಒಂದು ತುದಿ ತಾನು ಹಿಡಿದು "ಬಿಡು! ಬಿಡು!" ಎಂದು ಅಂಗಳವಿಡೀ ಸುತ್ತಿದ. ಸಿಗಡಿ ಅದನ್ನು ಆಟವೆಂದೇ ತಿಳಿಯಿತು. ಕೊನೆಗೆ ಚಪ್ಪಲಿಯೇ ಎರಡಾಯಿತು.

ಇಂಥ ಪ್ರಾಣಿಗೂ ಕಮಲಿ ಶ್ರಾವಣ ಹಿಡಿಸಿದಳು! "ಮನೆ ಒಳಗೆ ಇರೂ ಜೀವ. ದೇವರ ಕೋಣೆ ಬಾಗಿಲಲ್ಲಿ ಮಲಗ್ತದೆ. ಅದಕ್ಕೂ ಮೊಸರನ್ನವೇ" ಎಂದಳು. ಸಿಗಡಿ ಮೊಸರನ್ನವನ್ನು ಮೂಸಿತು, ಕಮಲಿಯ ಮುಖ ನೋಡಿತು, ಮೂಲೆ ಸೇರಿತು. ಸ್ವಲ್ಪ ದಿನದಲ್ಲಿ ನೆಲ ಬಗೆಯುವುದನ್ನೂ ನಿಲ್ಲಿಸಿತು. ಆಗ ಕಮಲಿಗೆ ಗಾಬರಿಯಾಗಿ, ಅದನ್ನು ಟೆಂಪೊದಲ್ಲಿ ಮಡಿಲಲ್ಲಿಟ್ಟುಕೊಂಡು ಕುಮಟೆಯ ದನದ ಡಾಕ್ಟರು ನಿತ್ಯಾನಂದರ ಬಳಿಗೆ ಓಡಿದಳು.

"ಇದಕ್ಕೆ ಎಂತ ಹಾಕ್ತ್ರಿ?"

"ಮೊಸರನ್ನ. ಶ್ರಾವಣ ಅಲ್ದಾ ಡಾಕ್ಟ್ರೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ವ್ರತ ನಿಮ್ದು ಅಮ್ಮ, ನಾಯಿದಲ್ಲ. ಮೀನು ಬೇಯಿಸಿ ಹಾಕಿ. ಉಪ್ಪು, ಖಾರ ಹಾಕ್ಬೇಡಿ. ಮುಳ್ಳು ಒಂದೂ ಇರ್ಬಾರ್ದು."

ಸರಿ, ಬೇಯಿಸುವವರು ಯಾರು? ಕಮಲಿ ಮುಟ್ಟುವಂತಿಲ್ಲ, ಅಡುಗೆಮನೆಗೆ ತರುವಂತಿಲ್ಲ. ಮಾಬ್ಲ ಒಂದು ದೀರ್ಘ ನಿಟ್ಟುಸಿರು ಬಿಟ್ಟ.

"ಎಂತ ಮಾಡೂದು, ಬಾಯಿಲ್ಲದ ಜೀವ. ಹಿತ್ತಲ ಬಚ್ಚಲೊಲೆಯಲ್ಲಿ ನಾನೇ ಬೇಯಿಸ್ತೆ. ಮೂಗು ಮುಚ್ಕಂಡು."

ಗಂಡನ ಈ ಮಹಾತ್ಯಾಗಕ್ಕೆ ಕಮಲಿಯ ಕಣ್ಣು ತುಂಬಿ ಬಂತು. ಅವಳು ಅದನ್ನು ಮಹಾಲಕ್ಷ್ಮಿಗೂ ಹೇಳಿದಳು. ಅಲ್ಲಿಗೆ ಇಡೀ ಕೇರಿಗೆ ಹೇಳಿದಂತಾಯಿತು.

ಮೊದಲ ದಿನ ಮಾಬ್ಲ ಪ್ರಾಮಾಣಿಕವಾಗಿ ಮೀನು ಬೇಯಿಸಿದ, ಮುಳ್ಳು ಬಿಡಿಸಿದ, ಸಿಗಡಿಗೆ ಇಟ್ಟ. ಕೈ ಘಮ್ಮೆನ್ನುತ್ತಿತ್ತು. ಆಗ ಅವನಿಗೆ ಜ್ಞಾನೋದಯವಾಯಿತು. ಈ ವರ್ಷ ಕಮಲಿ ಕೈ ಮೂಸಿ ನೋಡುವ ಹಾಗೇ ಇಲ್ಲ! ಮರುದಿನ ಒಂದು ಚೂರು ರುಚಿ ನೋಡಿದ. (ಬೆಂದಿದೆಯೋ ಇಲ್ಲವೋ ತಿಳಿಯಬೇಡವೇ?) ಅದರ ಮರುದಿನ ಅಂಗಿಯ ಕಿಸೆಯಲ್ಲಿ ಉಪ್ಪು, ಖಾರದ ಪುಡಿಯ ಪೊಟ್ಟಣ ಹಿತ್ತಲಿಗೆ ಸಾಗಿತು. ಆಮೇಲೆ ಬಾಳೆ ಎಲೆ ಬಂತು. ಮಸಾಲೆ ಸವರಿ, ಎಲೆಯಲ್ಲಿ ಸುತ್ತಿ, ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟ ಬಂಗಡೆ! ನಡುವಿನ ದಪ್ಪ ತುಂಡು ಮಾಬ್ಲನಿಗೆ, ಮಸಾಲೆಯಿಲ್ಲದೆ ಬೇಯಿಸಿದ ಬಾಲದ ಕಡೆ ಸಿಗಡಿಗೆ. ಮುಳ್ಳು, ಸುಟ್ಟ ಎಲೆ ಎಲ್ಲ ತೆಂಗಿನ ಬುಡದ ಮಣ್ಣಿನೊಳಗೆ. ಸಾಕ್ಷಿಯೇ ಇಲ್ಲ.

"ಮೀನು ತಿಂಬುದು ಸಿಗಡಿ, ದಪ್ಪ ಆಗೂದು ನೀವು. ಇದೆಂತ?" ಎಂದು ಕಮಲಿ ಒಮ್ಮೆ ಕೇಳಿದಳು.

"ಸೌತೆಕಾಯಿ ಮಹಿಮೆ" ಎಂದ ಮಾಬ್ಲ.

ಶ್ರಾವಣದ ಕೊನೆಯ ಶನಿವಾರ ಜಗಲಿಯಲ್ಲಿ ಕೇರಿಯ ಹೆಂಗಸರ ಭಜನೆ. ಮಾಬ್ಲ ಹಣೆಗೆ ಗಂಧ ಹಚ್ಚಿಕೊಂಡು, ಕಣ್ಣು ಮುಚ್ಚಿ ತಾಳ ಕುಟ್ಟುತ್ತಿದ್ದ. "ನಾಯಿಗಾಗಿ ಮೀನು ಬೇಯಿಸಿದ್ರೂ ಒಂದು ಚೂರು ಮುಟ್ಟಿಲ್ಲ ನೋಡೆ" ಎಂದು ಮಹಾಲಕ್ಷ್ಮಿ ಪಿಸುಗುಟ್ಟಿದ್ದು ಅವನಿಗೂ ಕೇಳಿಸಿತು. ಅವನು ಇನ್ನಷ್ಟು ಭಕ್ತಿಯಿಂದ ಕಣ್ಣು ಮುಚ್ಚಿದ.

ಆಗಲೇ ಸಿಗಡಿ ಹಿತ್ತಲಿನಿಂದ ಬಂತು. ಮೂತಿಯೆಲ್ಲ ಮಣ್ಣು. ಬಾಯಲ್ಲಿದ್ದದ್ದನ್ನು ಕಮಲಿಯ ಕಾಲ ಬಳಿ ಇಟ್ಟು, ಬಾಲ ಅಲ್ಲಾಡಿಸಿ, ಮತ್ತೆ ಓಡಿತು. ಇನ್ನೊಂದು ತಂದಿತು. ಮತ್ತೊಂದು. ಹೊಟ್ಟೆ ತುಂಬಿದ ಟೆರಿಯರ್ ತನ್ನ ಕುಲಕಸುಬಿಗೆ ಮರಳಿತ್ತು! ಭಜನೆ ನಿಂತಿತು. ಮಾಬ್ಲನ ತಾಳವೊಂದೇ ಸ್ವಲ್ಪ ಹೊತ್ತು ಕೇಳುತ್ತಿತ್ತು.

ಸುಟ್ಟ ಬಾಳೆ ಎಲೆಯೊಂದನ್ನು ಕಮಲಿ ಬಿಡಿಸಿದಳು. ಒಳಗೆ ಕೆಂಪು ಮಸಾಲೆ.

"ಸಿಗಡಿ ಯಾವಾಗಿಂದ ಖಾರ ತಿಂಬುಕೆ ಕಲ್ತದೆ?"

"ಅದು... ಅದೇ ಆಸೆಪಟ್ತು..."

"ಆಣೆ ಮುರಿದದ್ದು ದೇವ್ರು ನೋಡ್ಕಳ್ಲಿ. ಬಾಯಿಲ್ಲದ ಜೀವದ ಪಾಲು ತಿಂದ್ರಲ, ಅದನ್ನ ನಾನು ನೋಡ್ಕಳ್ತೆ." ಅವಳು ಸಿಗಡಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಮಾಬ್ಲನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಚೌತಿ ಮುಗಿಯಿತು. ಮೀನೂಟದ ದಿನ ಮನೆಯಿಡೀ ಬಂಗಡೆ ಸಾರಿನ ಘಮ. ಕಮಲಿ ತಾನೇ ಮುಳ್ಳು ಬಿಡಿಸಿ ಸಿಗಡಿಯ ತಟ್ಟೆಗೆ ಬೇಯಿಸಿದ ದಪ್ಪ ತುಂಡುಗಳನ್ನು ಹಾಕಿದಳು. ಮಾಬ್ಲನ ಎಲೆಗೆ ಸೌತೆಕಾಯಿ ಹುಳಿ ಬಂತು.

ಸಿಗಡಿ ಅವನನ್ನೇ ನೋಡಿತು. ಒಂದು ತುಂಡು ಕಚ್ಚಿಕೊಂಡು ಬಂದು ಅವನ ಮಡಿಲ ಬಳಿ ನಿಂತಿತು. ಹಂಚಿಕೊಳ್ಳಲೋ ಅಣಕಿಸಲೋ, ಅದಕ್ಕೇ ಗೊತ್ತು. ಉಪ್ಪಿಲ್ಲ, ಖಾರವಿಲ್ಲ, ಆದರೇನು, ಬಂಗಡೆ ಬಂಗಡೆಯೇ! ಮಾಬ್ಲ ಅತ್ತಿತ್ತ ನೋಡಿ ಮೆಲ್ಲಗೆ ಇನ್ನೊಂದು ತುದಿ ಹಿಡಿದ.

"ಬಿಡು!" ಅಡುಗೆಮನೆಯ ಬಾಗಿಲಿನಿಂದ ಕಮಲಿಯ ಧ್ವನಿ.

ಸಿಗಡಿ ಬಿಡಲಿಲ್ಲ. ಮಾಬ್ಲ ಬಿಟ್ಟ.