ದೀಪ ಆರಿಸಿ ಗುಡ್ ನೈಟ್ ಹೇಳುವ ಯಂತ್ರ ಮಹಾಶಯರಿಗೆ

ಮಾನ್ಯರೇ,

ಸಕ್ಕರೆ ಡಬ್ಬಿಗಿಂತ ದಪ್ಪಗಿಲ್ಲದಿದ್ದರೂ ನಡುಮನೆಯ ಟೀವಿಯ ಪಕ್ಕದಲ್ಲಿ ಪೀಠವೇರಿ ಒಂದು ಇಡೀ ಸಂಸಾರವನ್ನು ಆಳುತ್ತಿರುವ ತಮ್ಮ ಸನ್ನಿಧಾನಕ್ಕೆ, ಅದೇ ಮನೆಯ ಯಜಮಾನನೆಂದು ಮೊನ್ನೆ ಮೊನ್ನೆಯವರೆಗೆ ಕರೆಸಿಕೊಳ್ಳುತ್ತಿದ್ದ, ಕಸುಬಿನಿಂದ ಕನ್ನಡಕದ ಅಂಗಡಿಯವನಾದ ನಾನು ಕೈಮುಗಿದು ಬರೆದುಕೊಳ್ಳುವುದೇನೆಂದರೆ: ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ನನ್ನ ಹೆಂಡತಿ ದಿನವೂ ಮೆತ್ತನೆಯ ಬಟ್ಟೆಯಿಂದ ತಮ್ಮನ್ನು ಒರೆಸುತ್ತಾಳೆ. ನನ್ನ ಮೇಲೆ ಮಾತ್ರ ಧೂಳು ಕೂತಿದೆ. ಎದುರಿಗೇ ಇರುವವರಿಗೆ ಬಹಿರಂಗ ಪತ್ರವೇಕೆ ಎಂದು ಕೇಳುವಿರಾದರೆ, ತಮ್ಮೆದುರು ಬಾಯಿ ಬಿಟ್ಟರೆ ತಾವು ಅದನ್ನು ಅಪ್ಪಣೆಯೆಂದು ತಿಳಿದು ಏನಾದರೊಂದು ಮಾಡಿಯೇಬಿಡುತ್ತೀರಿ ಎಂಬ ಭಯದಿಂದ.

ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನಮ್ಮ ಮಗಳು ತಮ್ಮನ್ನು ಹೊತ್ತು ತಂದ ದಿನ ನನಗೂ ಹೆಮ್ಮೆಯೇ ಆಗಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. "ಅಪ್ಪಾ, ಇನ್ಮೇಲೆ ನೀವು ಎದ್ದು ಓಡಾಡೋದೇ ಬೇಡ, ಗುಡ್ ನೈಟ್ ಅಂದ್ರೆ ಸಾಕು" ಎಂದಳು. ಅವಳು ಅಂದಳು, ತಲೆಬಾಗಿಲು ತಾನಾಗಿ ಬೀಗ ಹಾಕಿಕೊಂಡಿತು, ಮನೆಯ ದೀಪಗಳೆಲ್ಲ ಒಟ್ಟಿಗೆ ಆರಿದವು, ಫ್ಯಾನು ಮೆಲ್ಲಗಾಯಿತು, ಆಮೇಲೆ ತಾವು ಕಂಠದಲ್ಲಿ ಜೇನು ಸವರಿಕೊಂಡವರಂತೆ "ಗುಡ್ ನೈಟ್, ಸ್ಲೀಪ್ ಟೈಟ್, ಸ್ವೀಟ್ ಡ್ರೀಮ್ಸ್" ಎಂದಿರಿ. ಹೆತ್ತ ತಾಯಿಯೂ ನನಗೆ ಇಷ್ಟು ನಯವಾಗಿ ಮಲಗಲು ಹೇಳಿದ್ದಿಲ್ಲ. ಅವಳು ಹೇಳುತ್ತಿದ್ದುದು "ಬಿದ್ಕೋ ಸಾಕು" ಎಂದು, ಮತ್ತು ನಾನು ಬಿದ್ದುಕೊಂಡ ತಕ್ಷಣ ನಿದ್ದೆ ಹೋಗುತ್ತಿದ್ದೆ.

ಮಹಾಶಯರೇ, ನಮ್ಮ ಮನೆಯಲ್ಲಿ ರಾತ್ರಿ ಯಾರೂ ಯಾರಿಗೂ ಏನನ್ನೂ ಹಾರೈಸುವ ಪದ್ಧತಿ ಇರಲಿಲ್ಲ. ನಾವು ಕೇಳುತ್ತಿದ್ದೆವು, ಅಷ್ಟೆ. ಹೆಂಡತಿ ಹಾಸಿಗೆಯಿಂದಲೇ "ಬಾಗಿಲು ಹಾಕಿದ್ರಾ?" ಎನ್ನುವಳು. ನಾನು ಹೂಂ ಎನ್ನುವೆ. "ಚಿಲಕ?" "ಹೂಂ." "ಹಾಲು ಮುಚ್ಚಿದ್ರಾ?" ಅಲ್ಲಿಗೆ ನಾನು ಎದ್ದು ಹೋಗಿ ಮುಚ್ಚಿ ಬರುವೆ, ಬರುವಾಗ ಅವಳ ಹೊದಿಕೆ ಸರಿದಿದ್ದರೆ ಎಳೆದು ಹಾಕುವೆ. ಇದರಲ್ಲಿ ಸ್ವೀಟೂ ಇಲ್ಲ, ಡ್ರೀಮ್ಸೂ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಇದಾಗದೆ ನಮ್ಮಿಬ್ಬರಲ್ಲಿ ಯಾರಿಗೂ ಕಣ್ಣು ಮುಚ್ಚುತ್ತಿರಲಿಲ್ಲ.

ಇದಕ್ಕೆ ಇನ್ನೊಂದು ಉಪಯೋಗವೂ ಇತ್ತು, ಅದು ತಮ್ಮ ಜೊತೆ ಬಂದ ಪುಸ್ತಕದಲ್ಲಿ ನಮೂದಾಗಿಲ್ಲ. ಗಂಡಹೆಂಡಿರು ಜಗಳವಾಡಿ ಹಗಲೆಲ್ಲ ಮಾತು ಬಿಟ್ಟರೂ ರಾತ್ರಿಯ ಈ ಪ್ರಶ್ನೋತ್ತರವನ್ನು ಬಿಡುವಂತಿಲ್ಲ ಎಂಬುದು ನಮ್ಮ ಮನೆಯ ಕಟ್ಟುಪಾಡು; ನಮ್ಮ ಜಗಳ ಕಳ್ಳನಿಗೇನು ಗೊತ್ತು? ಹಾಗಾಗಿ ಎಂಥ ಕೋಪವಿದ್ದರೂ ಬಾಗಿಲಿನ ವಿಷಯ ಕೇಳಲೇಬೇಕು, ಹೇಳಲೇಬೇಕು, ಮತ್ತು ಹಾಲಿನ ಹೊತ್ತಿಗೆ ಇಬ್ಬರಲ್ಲಿ ಒಬ್ಬರಿಗೆ ನಗು ಬಂದು ಕೇಸು ವಜಾ ಆಗುತ್ತಿತ್ತು. ನಮ್ಮ ದಾಂಪತ್ಯ ಇಷ್ಟು ವರ್ಷ ನಿಂತಿರುವುದು ಪ್ರೀತಿಯ ಮೇಲೆ ಎಷ್ಟೋ, ಚಿಲಕದ ಮೇಲೂ ಅಷ್ಟೇ.

ಈಗ ಬೀರುವಿನ ವಿಷಯಕ್ಕೆ ಬರುತ್ತೇನೆ. ಹೆಂಡತಿ ತನ್ನ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಬಟ್ಟೆಯ ಬೀರುವನ್ನು ನಾನು ಕಿಟಕಿಯ ಬಳಿಯಿಂದ ಬಾಗಿಲ ಪಕ್ಕಕ್ಕೆ ಎಳೆದಿಟ್ಟೆ. ಎಳೆಯುವಾಗ ಅದರ ಒಂದು ಕಾಲು ಮುರಿದು, ಈಗ ಅದು ಒಂದು ಹೆಂಚಿನ ಚೂರಿನ ಆಸರೆಯಲ್ಲಿ ನಿಂತಿದೆ. ಅವಳು ಬಂದು ನೋಡಿ, "ಈ ಮನೇಲಿ ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಯಾರಿಗೂ ಅನ್ಸಲ್ಲ ಅಲ್ವಾ" ಎಂದಳು. ಅದೇ ಕೊನೆ. ಆವತ್ತು ರಾತ್ರಿ ನಾನು ಹಾಸಿಗೆಯಲ್ಲಿ ಕೂತು ಬಾಗಿಲಿನ ಪ್ರಶ್ನೆಗಾಗಿ ಕಿವಿ ನೆಟ್ಟು ಕಾದೆ. ಮಗಳು ಗುಡ್ ನೈಟ್ ಅಂದಳು, ತಾವು ಬೀಗ ಹಾಕಿದಿರಿ, ದೀಪ ಆರಿತು. ಹಾಲನ್ನು ಅವಳೇ ಮುಚ್ಚಿ ಬಂದಿದ್ದಳು, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಹೀಗೇ ವಾರಗಳು ಕಳೆದವು. ನಮ್ಮ ಹಿರಿಯರು ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದಿದ್ದು ತಾವು ಬರುವ ಮೊದಲಿನ ಮಾತು.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ತಾವು ಸುಮ್ಮನಿರಲಾರದೆ ಒಂದು ದಿನ ಆ ಹಾರೈಕೆಯ ಕೊನೆಗೆ ಹೊಸದಾಗಿ ಏನೋ ಸೇರಿಸಿದಿರಿ, ಹೆಂಡತಿ ಅದೇನೆಂದು ಮಗಳನ್ನು ಕೇಳಿದಳು, ಮಗಳು ನಗುತ್ತ "ತಿಗಣೆ ಕಚ್ಚದೇ ಇರ್ಲಿ ಅಂತಮ್ಮ, ಇಂಗ್ಲಿಷ್‌ನಲ್ಲಿ ಹಾಗೆ ಹೇಳ್ತಾರೆ" ಎಂದಳು. ಮಾನ್ಯರೇ, ಮೂರು ಬೀದಿಗೆ ಮಾದರಿಯಾಗುವಂತೆ ಹಾಸಿಗೆ ಇಟ್ಟುಕೊಂಡಿರುವ ಹೆಂಗಸಿಗೆ ಈ ಮಾತು ಹೇಳಬಹುದೇ? ಮರುದಿನ ನಾನು ಅಂಗಡಿಯಿಂದ ಬರುವಾಗ ಮನೆಯ ಅಷ್ಟೂ ಗಾದಿ, ದಿಂಬು, ಕಂಬಳಿಗಳು ಮಹಡಿಯ ಮೇಲೆ ಬಿಸಿಲು ಕಾಯುತ್ತಿದ್ದವು, ಅವುಗಳ ನಡುವೆ ಕೋಲು ಹಿಡಿದು ನಿಂತಿದ್ದ ಅವಳು ದಿಂಬಿಗೆ ಕೊಡುತ್ತಿದ್ದ ಏಟನ್ನು ನನ್ನ ಮುಖ ನೋಡಿಕೊಂಡೇ ಕೊಡುತ್ತಿದ್ದಳು. ತಿಗಣೆಯ ಚಾಡಿಯನ್ನು ತಮ್ಮ ಕಿವಿಗೆ ಊದಿದವನು ನಾನೇ ಎಂಬುದು ಅವಳ ದೃಢವಾದ ನಂಬಿಕೆ.

ತಪ್ಪೆಲ್ಲ ತಮ್ಮದೇ ಎನ್ನಲಾರೆ. ಈ ಹಾರೈಕೆಯ ಗಾಳಿ ಎಲ್ಲ ಕಡೆಯೂ ಬೀಸಿದೆ. ನನ್ನ ಭಾವಮೈದುನ ದಿನವೂ ಊಟದ ಹೊತ್ತಿಗೇ ಚಂದ್ರ, ಗುಲಾಬಿ, ಮಲಗಿದ ಕರಡಿಮರಿ ಇರುವ ಗುಡ್ ನೈಟ್ ಚಿತ್ರವನ್ನು ನೂರಾರು ಜನಕ್ಕೆ ಕಳಿಸಿ, ಆಮೇಲೆ ಯಾರು ಯಾರು ವಾಪಸು ಹಾರೈಸಿದರೆಂದು ನೋಡುತ್ತ ಎಚ್ಚರವಾಗಿ ಕೂರುತ್ತಾನೆ. ಕಣ್ಣು ಉರಿ ಎಂದು ಕೊನೆಗೆ ಬರುವುದು ನನ್ನ ಅಂಗಡಿಗೇ. ವ್ಯಾಪಾರದ ದೃಷ್ಟಿಯಿಂದ ನಾನು ಈ ಪದ್ಧತಿಗೆ ಋಣಿ.

ಕೊನೆಗೆ, ಬೆಂಕಿಯನ್ನು ಬೆಂಕಿಯಿಂದಲೇ ಆರಿಸೋಣವೆಂದು, ನಾನೂ ಹೆಂಡತಿಗೆ ಇಂಗ್ಲಿಷಿನಲ್ಲೇ ಹಾರೈಸಿ ರಾಜಿ ಮಾಡಿಕೊಳ್ಳಲು ನಿಶ್ಚಯಿಸಿದೆ. ಅಂಗಡಿಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ನಿನ್ನೆ ಸಂಜೆ ಮಗಳು ಫೋನಿನಲ್ಲಿ ಮಾತಾಡುತ್ತ ಹೊರಗೆ ಮೆಟ್ಟಿಲ ಮೇಲಿದ್ದಳು, ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಅವಳು ಹೊರಬಂದ ಕೂಡಲೇ ಎಡವದೆ ಹೇಳಬೇಕಲ್ಲ ಎಂದು ನಡುಮನೆಯಲ್ಲಿ ನಿಂತು ಕೊನೆಯ ಸಲ ಗಟ್ಟಿಯಾಗಿ "ಗುಡ್ ನೈಟ್" ಎಂದೆ.

ತಾವು ಒಂದು ಕ್ಷಣವೂ ತಡಮಾಡಲಿಲ್ಲ. ಬಚ್ಚಲಿನದೂ ಸೇರಿ ಎಲ್ಲ ದೀಪಗಳೂ ಆರಿದವು, ಬಾಗಿಲು ಬೀಗ ಹಾಕಿಕೊಂಡಿತು, ಮಗಳು ಹೊರಗೇ ಉಳಿದಳು. ಗಾಬರಿಯಲ್ಲಿ ನನಗೆ ಹೊಳೆದದ್ದು "ಗುಡ್ ಮಾರ್ನಿಂಗ್" ಒಂದೇ. ಅದಕ್ಕೆ ತಾವು ಇನ್ನೂ ಬೆಳಗಾಗಿಲ್ಲವೆಂದು ತಿಳಿಸಿ ನಾಳೆಯ ಹವಾಮಾನ ಓದಿದಿರಿ. ಆಗ ಬಚ್ಚಲಿನಿಂದ, ಎಷ್ಟೋ ವಾರಗಳ ಮೇಲೆ, ಆ ಧ್ವನಿ ಬಂತು:

"ರೀ! ಕಣ್ಣಿಗೆ ಸೋಪು ಹೋಗಿದೆ ಕಣ್ರೀ! ಯಾರ್ರೀ ದೀಪ ಆರ್ಸಿದ್ದು?"

ಗೋಡೆಯ ಸ್ವಿಚ್ಚುಗಳೂ ಈಗ ತಮ್ಮ ಮಾತನ್ನೇ ಕೇಳುವುದರಿಂದ ನಾನು ಮೋಂಬತ್ತಿ ಹುಡುಕಿ ಹಚ್ಚಿಕೊಂಡು ಹೋಗಿ ಬಾಗಿಲ ಸಂದಿಯಲ್ಲಿ ಹಿಡಿದು ನಿಂತೆ. ಒಳಗಿನಿಂದ ಅವಳು ಬೈಯತೊಡಗಿದಳು. ಮೊದಲು ದೀಪಕ್ಕೆ, ಆಮೇಲೆ ತಿಗಣೆಗೆ, ಆಮೇಲೆ ಬೀರುವಿಗೆ, ಅಲ್ಲಿಂದ ಹಿಂದಕ್ಕೆ ಹೋಗಿ ನಮ್ಮ ಮದುವೆ ಗೊತ್ತು ಮಾಡಿದ ಸೋದರಮಾವನವರೆಗೂ ಒಬ್ಬರನ್ನೂ ಬಿಡದೆ ಬೈದಳು. ನಡುವೆ ಚೊಂಬಿನಿಂದ ನೀರು ಸುರಿದುಕೊಳ್ಳುವಾಗ ಮಾತ್ರ ಬಿಡುವು. ಮೇಣ ಕೈಮೇಲೆ ಬೀಳುತ್ತಿತ್ತು, ನಾನು ಕದಲಲಿಲ್ಲ. ಸುಖವಾಗಿತ್ತು, ಮಾನ್ಯರೇ. ಕೇಳದೆ ಬೀರು ಸರಿಸಿದ್ದು ತಪ್ಪಾಯಿತೆಂದು ನಾನು ಬಾಗಿಲಿಗೇ ಹೇಳಿದೆ. ಒಳಗೆ ನೀರಿನ ಸದ್ದು ನಿಂತಿತು. ನಾನು ಸರಿದುಹೋದೆನೆಂದು ತಿಳಿದಳೋ ಏನೋ, "ಇದ್ದೀರಾ?" ಎಂದಳು. ಇದ್ದೇನೆ ಎಂದೆ.

"ಅಲ್ಲೇ ನಿಂತಿರಿ. ಹೋಗ್ಬೇಡಿ."

ಆದ್ದರಿಂದ ದೂರು ಕೊಡಲೆಂದು ಲೇಖನಿ ಹಿಡಿದವನು ವಂದನೆ ಸಲ್ಲಿಸಬೇಕಾಗಿ ಬಂದಿದೆ. ತಮ್ಮಲ್ಲಿ ನನ್ನ ಅಲ್ಪ ಬೇಡಿಕೆಗಳು ಇಷ್ಟೇ: ವಾರಕ್ಕೊಮ್ಮೆಯಾದರೂ ಬೀಗ ಹಾಕಲು ಮರೆಯಿರಿ, ಕೈಲಾದರೆ ಒಮ್ಮೆ ಹಾಲು ಉಕ್ಕಿಸಿ, ನಮ್ಮಿಬ್ಬರಿಗೆ ಮಾತಾಡಿಕೊಳ್ಳಲು ಒಂದಿಷ್ಟು ಕೆಲಸ ಕೆಡಿಸಿಡಿ. ಇದಾವುದೂ ತಮ್ಮಂಥ ದೋಷರಹಿತರಿಗೆ ಸಾಧ್ಯವಿಲ್ಲವೆಂದಾದರೆ, ಅವಳ ಸ್ನಾನದ ವೇಳೆ ನನಗೆ ಗೊತ್ತಿದೆ ಎಂಬುದನ್ನು ಮಾತ್ರ ತಿಳಿಸಬಯಸುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ಸದ್ಯಕ್ಕೆ ಬೈಸಿಕೊಳ್ಳುವ ಭಾಗ್ಯವುಳ್ಳ,
ಕನ್ನಡಕದ ಅಂಗಡಿಯವನು

ತಾ.ಕ.: ಮುಂದಿನ ತಿಂಗಳಿನಿಂದ ತಾವು ನಮ್ಮ ಭಾಷೆಯಲ್ಲೂ ಮಾತಾಡಲಿದ್ದೀರೆಂದು ಮಗಳು ಹೇಳಿದಳು. ಬಹಳ ಸಂತೋಷ. ಆದರೆ "ಶುಭರಾತ್ರಿ" ಎಂದು ಶುರು ಮಾಡಿದಿರೋ, ಆ ಕ್ಷಣವೇ ತಮ್ಮನ್ನು ಭಾವಮೈದುನನ ಮನೆಗೆ ವರ್ಗ ಮಾಡಲಾಗುವುದು. ಈ ಮನೆಯಲ್ಲಿ ಉಳಿಯುವ ಮನಸ್ಸಿದ್ದರೆ, ಮೊದಲು ನನ್ನ ಹೆಂಡತಿಯ ಎದುರು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಿರಿ. ನನಗೆ ಅದಕ್ಕೇ ಅರ್ಧ ಆಯುಷ್ಯ ಹಿಡಿಯಿತು.