ಸೆಲ್ ಇಳಿದ ಪ್ರಾರ್ಥನೆ

“ನಾಮದೇವನ ಮೈಯಾಗ ದೇವ್ರ ಬಂದಾನಂತಲೇ! ಎಮ್ಮಿ ಈಯೂ ಮುಂದ ನರಳಿದಂಗ ದನಿ ಬರಾಕತ್ತೈತಿ!”

ಓಣಿಯ ಬಾಳಾಸಾಬ ಓಡಿಬಂದು ಹೀಗೆ ಕೂಗಿದಾಗ, ನಿಪ್ಪಾಣಿಯ ಮಾಳಸಿದ್ದನ ಚಹಾದಂಗಡಿಯ ಮೂಲೆಯಲ್ಲಿದ್ದ ಗಿರಾಕಿಯ ಗಂಟಲಲ್ಲಿ ಬಿಸಿ ಭಜಿ ಸಿಕ್ಕಿಕೊಂಡಿತು. ಆ ಗಿರಾಕಿಯೇ ನಾಮದೇವ. ತಟ್ಟನೆ ಪೇಪರಿನಿಂದ ಮುಖ ಮುಚ್ಚಿಕೊಂಡ.

ನಾಮದೇವ ತಂಬಾಕಿನ ವಖಾರಿಯ ಗುಮಾಸ್ತ. ಅಪ್ಪನ ಕಾಲದಿಂದ ಯೇಸುವಿನ ಭಕ್ತರ ಮನೆ. ಹೆಂಡತಿ ಸಕ್ಕುಬಾಯಿಯ ಕಾಯಿದೆ ಒಂದೇ: ದಿನಾ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಮುಕ್ಕಾಲು ತಾಸು ಗಟ್ಟಿಯಾಗಿ ಪ್ರಾರ್ಥನೆ, ಆಮೇಲೆ ಚಹಾ. ದನಿ ನಿಂತರೆ ಅಡಿಗೆಮನೆಯಿಂದ ಲಟ್ಟಣಿಗೆ ಬಡಿಯುತ್ತಿತ್ತು.

ದೇವರ ಜತೆ ಎಷ್ಟು ಹೊತ್ತು ಮಾತಾಡಬೇಕೆಂಬುದು ಮನುಷ್ಯನ ಸ್ವಾತಂತ್ರ್ಯವಲ್ಲವೇ? ಇದನ್ನು ಹೆಂಡತಿಗೆ ಹೇಳುವ ಧೈರ್ಯವಿಲ್ಲದೆ ನಾಮದೇವ ಟೇಪ್‌ರೆಕಾರ್ಡರ್ ಕೊಂಡ. ಅವಳು ಬೋರಗಾಂವಿನ ತವರಿಗೆ ಹೋದಾಗ ಕ್ಯಾಸೆಟ್ಟಿನ ತುಂಬ ತನ್ನ ಪ್ರಾರ್ಥನೆ ತುಂಬಿಸಿದ. ಅಂದಿನಿಂದ ಕೋಣೆಯಲ್ಲಿ ಯಂತ್ರ ಯೇಸುವನ್ನು ಸ್ತುತಿಸಿದರೆ, ಭಕ್ತ ಕೋಣೆಯ ಹಿತ್ತಲ ಬಾಗಿಲಿನಿಂದ ಭಜಿ ತಿನ್ನಲು ಹೊರಡುತ್ತಿದ್ದ.

ಇಂದು ಎಂಟನೇ ದಿನ. ಟೇಪಿನ ಸೆಲ್ ಇಳಿದು ದನಿ ಎಳೆಯುತ್ತಿದೆ!

ನಾಮದೇವ ಮನೆಯ ಹಿತ್ತಲಿನತ್ತ ಓಡಿದ. ಮುಂದಿನ ಅಂಗಳದಲ್ಲಿ ಪಕ್ಕದ ಮನೆಯ ಕಸ್ತೂರೆವ್ವ ಕೂಗುತ್ತಿದ್ದಳು: “ಚಿಂಚಲಿ ಮಾಯಕ್ಕ ಬಂದಾಳ್ರಿ! ಭಂಡಾರ ತರ್ರಿ!”

“ಅಲ್ಲವ್ವಾ, ಪವಿತ್ರಾತ್ಮ ಇಳದಾನ!” ಇದು ಸುದ್ದಿ ಕೇಳಿ ಬಂದಿದ್ದ ಪಾಸ್ಟರ್ ದನಿ.

ನಾಮದೇವ ಒಳನುಗ್ಗಿ, ಟೇಪ್ ನಿಲ್ಲಿಸಿ, ಕೌದಿಯಡಿ ತುರುಕಿ ಬಾಗಿಲು ತೆರೆದ. ಮುಖದ ತುಂಬ ಬೆವರು, ಮೀಸೆಯಲ್ಲಿ ಭಜಿಯ ಚೂರು. ಕಸ್ತೂರೆವ್ವ ಮುಷ್ಟಿ ತುಂಬ ಅರಿಷಿಣದ ಭಂಡಾರ ಎರಚಿದಳು. ಈಗ ನಾಮದೇವನೇ ಒಂದು ದೊಡ್ಡ ಭಜಿಯಂತೆ ಕಂಡ.

ಮನಸ್ಸು ಚುಚ್ಚಿತು. “ಪಾಸ್ಟರ್, ತಪ್ಪಾತ್ರಿ. ಆ ದನಿ ನನ್ನ ಬಾಯಾಗಿಂದ ಬಂದಿಲ್ರಿ. ನಾ ಕ್ವಾಣ್ಯಾಗ ಇರ್ಲೇ ಇಲ್ರಿ.”

“ಕೇಳಿದ್ರೇನು! ಮೈಮ್ಯಾಲ ಖಬರs ಇರಲಿಲ್ಲಂತ!” ಪಾಸ್ಟರ್ ಕೈ ಎತ್ತಿದರು. “ನಾಳೆ ಎಲ್ಲಾರೂ ಚರ್ಚಿಗೆ ಬರ್ರಿ. ನಾಮದೇವರು ಉಪಾಸ ಇದ್ದು ಸಂಜೀತನಕ ಪ್ರಾರ್ಥನಾ ನಡಸತಾರ!”

ಮಂದಿ ಕರಗಿದ ಮೇಲೆ ಸಕ್ಕುಬಾಯಿ ಸೀದಾ ಕೌದಿ ಎತ್ತಿ ಟೇಪ್ ಹೊರತೆಗೆದಳು.

“ನಿನಗ… ಗೊತ್ತಿತ್ತೇನ?”

“ಎಂಟ ದಿನಾ ‘ಕರುಣಾಮಯಿ’ ಅಂದ ಕೂಡ್ಲೇ ಕೆಮ್ಮತೀರಿ. ಒಂದ ಕಡೆನs ಯಾರಿಗ್ರಿ ದಿನಾ ಕೆಮ್ಮ ಬರತೈತಿ?”

“ಮತ್ತ ಸುಮ್ಮನ ಯಾಕ ಇದ್ದಿ?”

“ನೀವು ವಖಾರಿಗೆ ಹೋದ ಮ್ಯಾಲ ದಿನಾ ಹಾಡ ಕೇಳಾಕತ್ತಿದ್ನಿ. ಬಾಯಿ ಬಿಟ್ಟಿದ್ರ ಟೇಪ್ ಮಾರತಿದ್ರಿ. ನನಗೂ ಸ್ವಾತಂತ್ರ್ಯ ಬ್ಯಾಡೇನ?”

“ಹಂಗಾದ್ರ ಸೆಲ್ ಇಳಿಸಿದಾಕಿ ನೀನs?”

ಸಕ್ಕುಬಾಯಿ ಟೇಪ್ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಓಣಿಯ ತುದಿಯಿಂದ ಪಾಸ್ಟರ್ ಕೂಗಿದರು:

“ನಾಮದೇವ್ರ, ನಾಳೆ ನಸಕಿನ್ಯಾಗ ಐದಕ್ಕ! ಚಾ ಸೈತ ಕುಡೀಬ್ಯಾಡ್ರಿ ಮತ್ತ!”